ಅತ್ತೆ ಐದೂ ಮನೆಯಲ್ಲೇ ಹೆತ್ತರು, ನಾನೇಕೆ ಆಸ್ಪತ್ರೆಗೆ ಹೋಗಬೇಕು?

ಪ್ರಶ್ನೆ: ನನಗೆ 26 ವರ್ಷ. ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ತಾಲ್ಲೂಕು ಆಸ್ಪತ್ರೆಗೆ 28 ಕಿ.ಮೀ. ಆಗುತ್ತೆ. ಇದು ಎರಡನೇ ಬಸುರಿ, ಎಂಟನೇ ತಿಂಗಳು ನಡೀತಿದೆ. ಮೊದಲನೇ ಹೆರಿಗೆ ತವರಿನ ಕಡೆ ಒಂದು ಸರ್ಕಾರಿ ಆಸ್ಪತ್ರೇಲಿ ನಾರ್ಮಲ್ ಆಯಿತು. ಆದರೆ ಅಲ್ಲಿ ಪಟ್ಟ ಪಾಡು ಮರೆಯೋಕಾಗ್ತಿಲ್ಲ. ಕೂಗಿಕೊಂಡಿದ್ದಕ್ಕೆ ತೊಡೆಗೆ ಹೊಡೆದರು, ಬಾಯಿಗೆ ಬಂದಂಗೆ ಬೈದರು. ಅಮ್ಮನ್ನ ಒಳಗೆ ಬಿಡಲಿಲ್ಲ. ಮಗು ತೋರಿಸೋಕೂ ಕಾಸು ಕೇಳಿದರು. ಹೊಲಿಗೆ ನೋವಿಗೆ ಎರಡು ತಿಂಗಳು ನೆಟ್ಟಗೆ ಕೂರೋಕಾಗಲಿಲ್ಲ. ನಮ್ಮತ್ತೆ ಐದು ಹೆತ್ತಿದ್ದೂ ಮನೇಲೇ, ಸೂಲಗಿತ್ತಿ ಕೈಲಿ. "ಎರಡನೇದು ಸಲೀಸು, ಇಲ್ಲೇ ಆಗ್ಲಿ" ಅಂತಾರೆ. ಯಜಮಾನರು ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ತಾಯಿ ಕಾರ್ಡಲ್ಲಿ ರಕ್ತ 9.2 ಅಂತ ಬರೆದಿದ್ದಾರೆ. ಆಸ್ಪತ್ರೆಗೆ ಹೋದರೆ ಹೊಟ್ಟೆ ಕುಯ್ದುಬಿಡ್ತಾರೆ ಅನ್ನೋ ಭಯ ಬೇರೆ. ಆಶಾ ಅವರು "ಆಸ್ಪತ್ರೆಗೇ ಹೋಗ್ಬೇಕು" ಅಂತಾರೆ, ಯಾಕೆ ಅಂತ ಬಿಡಿಸಿ ಹೇಳಲ್ಲ. ಮನೇಲಿ ಹೆರೋದು ಅಷ್ಟು ತಪ್ಪಾ?

ಉತ್ತರ: ತಪ್ಪು–ಸರಿಯ ಮಾತು ಬೇಡಮ್ಮ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮನೆಯಲ್ಲಿ ಹೆತ್ತರೆ ಏನಾದೀತು ಅನ್ನುವುದು ಒಂದು. ಅಂಥ ಜಾಗಕ್ಕೆ ಮತ್ತೆ ಹೇಗೆ ಕಾಲಿಡಲಿ ಅನ್ನುವುದು ಇನ್ನೊಂದು. ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ ಉತ್ತರ ಸಿಗುತ್ತದೆ, ಎರಡನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಸ್ಪತ್ರೆ ಬೇಡ ಅನ್ನುವ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯ ಮೇಲಿನ ಪ್ರೀತಿಗಿಂತ ಅಲ್ಲಿ ಆದ ಅವಮಾನವೇ ದೊಡ್ಡ ಕಾರಣ.

ಮೊದಲು ಅತ್ತೆಯವರ ಮಾತು. ಅವರು ಹೇಳುವುದು ಸುಳ್ಳಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡಿ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. ಸಾವಿರ ಜನರಿರುವ ಹಳ್ಳಿಯಲ್ಲಿ ವರ್ಷಕ್ಕೆ ಇಪ್ಪತ್ತು ಹೆರಿಗೆ ಅಂದುಕೊಂಡರೂ ಇಪ್ಪತ್ತೈದು ವರ್ಷಕ್ಕೆ ಐನೂರು. ಆ ಲೆಕ್ಕದಲ್ಲಿ ಊರಲ್ಲಿ ಒಂದು ಸಾವು. ಆ ಒಂದನ್ನೂ ಜನ ಸನ್ನಿ, ಗಾಳಿ, ಹಣೆಬರಹ ಅಂದುಕೊಂಡು ಮರೆತಿರುತ್ತಾರೆ. ಹಾಗಾಗಿ "ನಮ್ಮೂರಲ್ಲಿ ಯಾರಿಗೂ ಏನೂ ಆಗಿಲ್ಲ" ಅನ್ನುವುದು ಅವರ ಕಣ್ಣಿಗೆ ಕಂಡ ಸತ್ಯವೇ. ಜಿಲ್ಲೆಯ ಲೆಕ್ಕ ಇಟ್ಟವರಿಗೆ ಕಾಣುವುದು ಬೇರೆ. 2018–20ರ ಹೊತ್ತಿಗೆ ಆ 228 ಅನ್ನುವುದು 69ಕ್ಕೆ ಇಳಿದಿತ್ತು. ಇಳಿದದ್ದಕ್ಕೆ ಆಸ್ಪತ್ರೆಯೊಂದೇ ಕಾರಣವಲ್ಲ. ರಸ್ತೆ, ಓದು, ಕಡಿಮೆ ಮಕ್ಕಳು, ತಡವಾದ ಮದುವೆ ಎಲ್ಲವೂ ಸೇರಿವೆ. ಆದರೆ ರಕ್ತ ಮತ್ತು ಔಷಧ ಕೈಗೆಟುಕುವ ದೂರಕ್ಕೆ ಬಂದದ್ದು ಅದರಲ್ಲಿ ದೊಡ್ಡ ಪಾಲು.

ನಿಮ್ಮ ತಾಲ್ಲೂಕಿನವರಿಗೆ ಸೂಲಗಿತ್ತಿಯರ ಬಗ್ಗೆ ಹಗುರವಾಗಿ ಮಾತಾಡಿದರೆ ಸರಿಬರುವುದಿಲ್ಲ, ಬರಬಾರದು ಕೂಡ. ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅದೂ ಕಾಸು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಾಡಿಸಿ ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಹೇಳುವ ವಿದ್ಯೆ ನಿಜವಾದ ವಿದ್ಯೆ. ವೈದ್ಯ ವಿದ್ಯಾರ್ಥಿಗಳೂ ಅದನ್ನು ಕೈಯಿಂದಲೇ ಕಲಿಯಬೇಕು. ಆದರೆ ಆ ಕೈ ಪಳಗುವುದು ದಿನಬೆಳಗಾದರೆ ಹೆರಿಗೆ ನೋಡಿದಾಗ. ಇವತ್ತು ರಾಜ್ಯದ ಹೆರಿಗೆಗಳಲ್ಲಿ ಶೇ 97ರಷ್ಟು ಆಸ್ಪತ್ರೆಯಲ್ಲೇ ಆಗುವಾಗ ಹಳ್ಳಿಯಲ್ಲಿ ಉಳಿದ ಅಜ್ಜಿ ಹತ್ತು ವರ್ಷದಲ್ಲಿ ಎಷ್ಟು ಕೂಸು ಹಿಡಿದಿರುತ್ತಾರೆ, ಕೇಳಿ ನೋಡಿ. ನರಸಮ್ಮನವರ ಹೆಸರು ಹೇಳಿದ ಮಾತ್ರಕ್ಕೆ ಅವರ ಕೈಗುಣ ಬರುವುದಿಲ್ಲ. ಇನ್ನೊಂದು ಮಾತು: ಎಂಥ ಪಳಗಿದ ಕೈಯೂ ತಡೆಯಲಾಗದ ಒಂದು ಸಂಗತಿ ಇದೆ. ಅದು ಮಗು ಹುಟ್ಟಿದ ಮೇಲೆ ಬರುವಂಥದ್ದು.

ದಿನ ತುಂಬಿದ ಬಸುರಿಯ ಗರ್ಭಕೋಶದೊಳಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹೊರಬಂದು ಮಾಸು, ಅಂದರೆ ನೀವು ಕಸ ಅನ್ನುವುದು, ಕಳಚಿಕೊಂಡಾಗ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಳ್ಳುತ್ತವೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯು. ಅಡ್ಡಡ್ಡ ಉದ್ದುದ್ದ ಹೆಣೆದ ಅದರ ಎಳೆಗಳು ಬಿಗಿದುಕೊಂಡು ನಾಳಗಳನ್ನು ಹಿಂಡಿ ನಿಲ್ಲಿಸುತ್ತವೆ. ಹೊಕ್ಕಳ ಹತ್ತಿರ ಒತ್ತಿದರೆ ಗಟ್ಟಿ ತೆಂಗಿನಕಾಯಿಯ ಹಾಗೆ ಸಿಕ್ಕಬೇಕು. ಮೆತ್ತಗೆ, ನೀರು ತುಂಬಿದ ಚೀಲದ ಹಾಗಿದ್ದರೆ ನಲ್ಲಿ ತೆರೆದೇ ಇದೆ ಎಂದು ಅರ್ಥ. ಬಟ್ಟೆಯ ದಪ್ಪ ಪ್ಯಾಡು ಐದು ನಿಮಿಷದೊಳಗೆ ಪೂರ್ತಿ ನೆನೆದರೆ ಅದು ಅಪಾಯ. ಹೀಗೆ ರಕ್ತ ಹೋಗುತ್ತಲೇ ಇದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಮೊದಲ ಹೆರಿಗೆ ಸಲೀಸಾಗಿತ್ತು ಅನ್ನುವುದು ಇದಕ್ಕೆ ಜಾಮೀನಲ್ಲ. ಹೀಗೆ ರಕ್ತ ಹೋಗುವವರಲ್ಲಿ ಹೆಚ್ಚಿನವರಿಗೆ ಮೊದಲೇ ಯಾವ ಸೂಚನೆಯೂ ಇರುವುದಿಲ್ಲ.

ಆಸ್ಪತ್ರೆಯಲ್ಲಿ ಇದಕ್ಕೆ ಮಾಡುವುದು ತುಂಬ ಸರಳ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುತ್ತಾರೆ, ಮಾಸನ್ನು ಹದವಾಗಿ ತೆಗೆಯುತ್ತಾರೆ, ಗರ್ಭಕೋಶ ಗಟ್ಟಿಯಾಯಿತೇ ಎಂದು ಹದಿನೈದು ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಾರೆ. ಸಾಲದಿದ್ದರೆ ಡ್ರಿಪ್, ಬೇರೆ ಔಷಧ, ರಕ್ತ. ಆ ಇಂಜೆಕ್ಷನ್ 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ ಇರಬೇಕಾದ್ದು. ಅಡುಗೆಮನೆ ಗೂಡಿನಲ್ಲಿ ಇಟ್ಟುಕೊಳ್ಳುವಂಥದ್ದಲ್ಲ.

ಇದೇ ಔಷಧದ ಇನ್ನೊಂದು ಮುಖವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೋವು ಜೋರಾಗಲಿ ಅಂತ ಊರಿನ ಆರ್‌ಎಂಪಿಯನ್ನು, ಅಂದರೆ ಡಾಕ್ಟರಿಕೆ ಓದದೆ ಮದ್ದು ಕೊಡುವವರನ್ನು, ಕರೆಸಿ "ನೋವಿನ ಸೂಜಿ" ಹಾಕಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಹೆರಿಗೆಗೆ ಮುಂಚೆ ಆಕ್ಸಿಟೋಸಿನ್ನನ್ನು ಹೀಗೆ ಚುಚ್ಚಿದರೆ ಗರ್ಭಕೋಶ ಬಿಡುವೇ ಇಲ್ಲದೆ ಹಿಂಡುತ್ತದೆ. ಮಗುವಿಗೆ ಉಸಿರು ಸಿಗುವುದಿಲ್ಲ, ಗರ್ಭಕೋಶವೇ ಹರಿದುಹೋಗಬಹುದು. ಹೆರಿಗೆಯಾದ ಮೇಲೆ ಜೀವ ಉಳಿಸುವ ಸೂಜಿಯೇ ಮುಂಚೆ ಕೊಟ್ಟರೆ ಜೀವ ತೆಗೆಯುತ್ತದೆ. ಬೇನೆ ಬರಿಸಲು ಅದನ್ನು ಆಸ್ಪತ್ರೆಯಲ್ಲಿ ಹನಿಹನಿಯಾಗಿ ಡ್ರಿಪ್ಪಿನಲ್ಲಿ, ಮಗುವಿನ ಎದೆಬಡಿತ ಕೇಳುತ್ತ ಕೊಡುವುದು ಇದಕ್ಕೇ. ಹೊಟ್ಟೆಯ ಮೇಲೆ ಬಲವಾಗಿ ಒತ್ತಿ ಮಗು ತಳ್ಳುವುದೂ ಇಷ್ಟೇ ಕೆಟ್ಟದ್ದು. ಮನೆಯಲ್ಲಿ ಮಾಡಿದರೂ ಸರಿ, ಆಸ್ಪತ್ರೆಯಲ್ಲಿ ಮಾಡಿದರೂ ಸರಿ, ಬೇಡ ಅನ್ನಿ.

ಇನ್ನು ಮಗುವಿನ ವಿಚಾರ. ಹತ್ತು ಕೂಸುಗಳಲ್ಲಿ ಒಂದಕ್ಕೆ ಮೊದಲ ಉಸಿರಿಗೆ ಸ್ವಲ್ಪ ಸಹಾಯ ಬೇಕಾಗುತ್ತದೆ. ಹೆಚ್ಚಿನವಕ್ಕೆ ಒರೆಸಿ ಬೆನ್ನುಜ್ಜಿದರೆ ಸಾಕು. ಕೆಲವಕ್ಕೆ ಮೊದಲ ಒಂದು ನಿಮಿಷದೊಳಗೆ ಮುಖಕ್ಕೆ ಮಾಸ್ಕ್ ಹಿಡಿದು ಚೀಲ ಒತ್ತಿ ಗಾಳಿ ಕೊಡಬೇಕು. ಆ ಚೀಲ ಇಲ್ಲದ ಕಡೆ ಆ ನಿಮಿಷ ಕಳೆದೇ ಹೋಗುತ್ತದೆ.

ನಿಮ್ಮ 9.2ಕ್ಕೆ, ಅಂದರೆ ರಕ್ತದ ಹಿಮೋಗ್ಲೋಬಿನ್ ಮಟ್ಟಕ್ಕೆ ಬರುತ್ತೇನೆ. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. ನಿಮ್ಮದು ನಡುವಿನದು, ಗಾಬರಿ ಬೇಡ. ಆದರೆ ಅರ್ಧ ಲೀಟರ್ ರಕ್ತ ಹೋದರೆ 12 ಇದ್ದವರಿಗೆ ತಲೆಸುತ್ತು ಬಂದು ನಿಂತರೆ ನಿಮಗೆ ಅಷ್ಟಕ್ಕೇ ನಿಲ್ಲದಿರಬಹುದು. ಉಳಿತಾಯ ಕಡಿಮೆ ಇರುವ ಮನೆಗೆ ಖರ್ಚು ಬಂದ ಹಾಗೆ. ಕಬ್ಬಿಣದ ಮಾತ್ರೆ ಈಗ ದಿನಕ್ಕೆ ಒಂದಲ್ಲ, ಎರಡು ಬೇಕಾಗುತ್ತದೆ. ಮುಂದಿನ ತಪಾಸಣೆಯಲ್ಲಿ ಬರೆಸಿಕೊಳ್ಳಿ. ಊಟವಾಗಿ ಒಂದೆರಡು ಗಂಟೆ ಬಿಟ್ಟು ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಅದರ ಜೊತೆ ಬೇಡ, ಅವು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಲ ಕಪ್ಪಗಾಗುವುದು ಸಹಜ. ಕಪ್ಪು ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಅನ್ನುವುದು ಶುದ್ಧ ಸುಳ್ಳು. ನಾಲ್ಕು ವಾರದಲ್ಲಿ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ, ಅಥವಾ ಹೆರಿಗೆಗೆ ಅಷ್ಟು ದಿನ ಉಳಿದಿಲ್ಲದಿದ್ದರೆ, ನರಕ್ಕೆ ಕೊಡುವ ಕಬ್ಬಿಣದ ಡ್ರಿಪ್ ಕೇಳಿ.

ಈಗ ನಿಮ್ಮ ಎರಡನೇ ಪ್ರಶ್ನೆ. ತೊಡೆಗೆ ಹೊಡೆದದ್ದು, ಬೈದದ್ದು, ಕಾಸು ಕೇಳಿದ್ದು ಯಾವುದೂ "ಹೆರಿಗೆ ವಾರ್ಡ್ ಅಂದ್ರೆ ಹಂಗೇ" ಎಂದು ನುಂಗಿಕೊಳ್ಳುವ ಸಂಗತಿಯಲ್ಲ. ಕೂಗುವ ಹೆಂಗಸನ್ನು ಹೊಡೆದರೆ ಬೇನೆ ಬೇಗ ಬರುವುದಿಲ್ಲ. ಭಯಬಿದ್ದವಳಿಗೆ ಬೇನೆ ನಿಧಾನವೇ ಆಗುತ್ತದೆ. ಒಬ್ಬ ಸಿಸ್ಟರ್ ಏಕಕಾಲಕ್ಕೆ ನಾಲ್ಕು ಜನರನ್ನು ನೋಡಬೇಕಾದ ರಾತ್ರಿಗಳಿರುತ್ತವೆ, ಅದು ನಿಜ. ಆದರೆ ಅದು ಕಾರಣವಾದೀತೇ ಹೊರತು ಸಮರ್ಥನೆ ಆಗುವುದಿಲ್ಲ.

ಇದಕ್ಕೆ ಇರುವ ಒಳ್ಳೆಯ ಮದ್ದು ನಿಮ್ಮ ಮನೆಯಲ್ಲೇ ಇದೆ. ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆಗೆ ಅವಳಿಗೆ ಬೇಕಾದ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಸೂಚಿಸಿದೆ. ಆಕೆ ತಾನೂ ಹೆತ್ತ ಅನುಭವದವಳಾಗಿರಬೇಕು, ಮೈಮೇಲೆ ಅಂಟುಜಾಡ್ಯ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ವೈದ್ಯರ ಕೆಲಸಕ್ಕೆ ಅಡ್ಡಬರಬಾರದು. ಐದು ಹೆತ್ತ ನಿಮ್ಮ ಅತ್ತೆಗಿಂತ ಬೇರೆ ಯಾರು ಬೇಕು? ಮನೆಯಲ್ಲಿ ಅವರು ಕೊಡಬೇಕೆಂದಿದ್ದ ಧೈರ್ಯ, ಸೊಂಟ ನೀವುವುದು, ಬಿಸಿನೀರು ಕುಡಿಸುವುದು, ನಡೆಸಾಡಿಸುವುದು ಎಲ್ಲವನ್ನೂ ಅಲ್ಲಿ ಕೊಡಲಿ. ಅತ್ತೆ ಮುಂದೆ ನಿಂತಿದ್ದಾಗ ಯಾರೂ ಕೈಯೆತ್ತುವುದಿಲ್ಲ. ಆದರೆ ಸೂಚನೆ ಇದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಪರದೆ ಇಲ್ಲದ ಕೋಣೆಯಲ್ಲಿ ಮೂವರು ಮಲಗಿದ್ದರೆ ಹೊರಗಿನವರನ್ನು ಬಿಡಲು ಒಪ್ಪುವುದಿಲ್ಲ. ಹೀಗಾಗಿ ಬೇನೆ ಬಂದ ರಾತ್ರಿ ಜಗಳ ಮಾಡುವುದಕ್ಕಿಂತ ಈಗಲೇ ಹೋಗಿ ಕೇಳಿ.

ಹೊಲಿಗೆ ಬಗ್ಗೆ: ಮೊದಲ ಹೆರಿಗೆಯಲ್ಲಿ ಕೊಯ್ದು ಹೊಲಿದರೆಂದು ಈಗಲೂ ಕೊಯ್ಯಬೇಕಾಗಿಲ್ಲ. ಎಲ್ಲರಿಗೂ ಕೊಯ್ಯುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅಂದಿದೆ. ಎರಡನೆಯದರಲ್ಲಿ ಜಾಗ ಸಡಿಲವಾಗಿರುವುದರಿಂದ ಅಗತ್ಯವೂ ಕಡಿಮೆ. "ಅಗತ್ಯ ಇಲ್ಲದಿದ್ದರೆ ಕೊಯ್ಯಬೇಡಿ ಸಿಸ್ಟರ್" ಎಂದು ಒಳಹೋಗುವಾಗಲೇ ಹೇಳಿಡಿ. ಅಂಗಾತ ಮಲಗಿಯೇ ಹೆರಬೇಕೆಂಬ ನಿಯಮವೂ ಇಲ್ಲ. ಬೇನೆ ತಿನ್ನುವಾಗ ಓಡಾಡಬಹುದು, ಎಡಮಗ್ಗುಲಿಗೆ ಮಲಗಬಹುದು, ಕುಕ್ಕರಗಾಲಲ್ಲಿ ಕೂರಬಹುದು.

ಹೊಟ್ಟೆ ಕುಯ್ಯುವ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆ ಸಿಸೇರಿಯನ್. ಖಾಸಗಿಯಲ್ಲಿ ಅದು ಅರ್ಧ ದಾಟಿದೆ, ಸರ್ಕಾರಿಯಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಅಷ್ಟೂ ಅಗತ್ಯವಿತ್ತೆಂದು ಯಾರೂ ಎದೆ ತಟ್ಟಿ ಹೇಳಲಾರರು. ಆದರೆ ಒಮ್ಮೆ ನಾರ್ಮಲ್ ಆದವರಿಗೆ, ಮಗುವಿನ ತಲೆ ಕೆಳಗಿದ್ದರೆ, ಆ ಸಾಧ್ಯತೆ ತೀರ ಕಡಿಮೆ. ನೀವು ಆ ಗುಂಪಿನವರು. ವೈದ್ಯರು ಆಪರೇಷನ್ ಅಂದರೆ "ಯಾಕೆ, ಈಗಲೇ ಬೇಕಾ, ಕಾದರೆ ಏನಾಗುತ್ತೆ" ಎಂದು ಕೇಳುವ ಹಕ್ಕು ನಿಮಗಿದೆ. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು, ಅದು ಬಿದ್ದು ಏಳದೆ ಹೋಯಿತು ಎಂದರೆ ಚರ್ಚೆ ಮುಂದಕ್ಕೆ ಹಾಕಿ. ಬೆನ್ನಿಗೆ ಕೊಡುವ ಅರಿವಳಿಕೆ ಸೂಜಿಯಿಂದ ಜೀವಮಾನವಿಡೀ ಸೊಂಟ ನೋವು ಅನ್ನುವುದು ನಿಜವಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೆ.

ಖರ್ಚಿನ ವಿಚಾರ ಬೇಗ ಮುಗಿಸುತ್ತೇನೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ಮನೆಯಿಂದ ಕರೆತಂದು ಮತ್ತೆ ಬಿಡುವ ಗಾಡಿ ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಾಸು ಕೇಳಿದರೆ ಯಾವ ದಿನ, ಯಾವ ಹೊತ್ತು, ಎಷ್ಟು ಎಂದು ಬರೆದಿಟ್ಟು ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿ, ಅಥವಾ 104ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್ ಸದಾ ಕೈಯಲ್ಲಿರಲಿ. ಮೊದಲ ಹೆರಿಗೆಗೆ ತವರಿಗೆ ಹೋದವರು ಕಾರ್ಡನ್ನು ಗಂಡನ ಮನೆಯಲ್ಲಿ ಬಿಟ್ಟುಬಂದು ಪಡುವ ಪಾಡು ಈ ಸೀಮೆಯಲ್ಲಿ ಮಾಮೂಲು. ಹಾಗೆಂದು ಕಾರ್ಡಿಲ್ಲದವರನ್ನು ವಾಪಸ್ ಕಳಿಸುವಂತಿಲ್ಲ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಕಾರ್ಡ್ ಇಲ್ಲವೆಂದು ಸೇರಿಸಿಕೊಳ್ಳದೆ ಕಳಿಸಿದ ಗರ್ಭಿಣಿ ಮನೆಯಲ್ಲೇ ಅವಳಿ ಹೆತ್ತು, ಮೂರೂ ಜೀವ ಹೋದವು. ಆಕೆ ಮನೆಯನ್ನು ಆರಿಸಿಕೊಂಡವಳಲ್ಲ ಅನ್ನುವುದನ್ನು ಮನೆ ಹೆರಿಗೆಯ ಲೆಕ್ಕ ಹಾಕುವವರು ನೆನಪಿಡಬೇಕು.

ಹಾಗಾದರೆ ಎಲ್ಲಿಗೆ? 24 ಗಂಟೆ ಹೆರಿಗೆ ಮಾಡಿಸುವ ಪ್ರಾಥಮಿಕ ಆರೋಗ್ಯ ಕೇಂದ್ರ ಹತ್ತಿರದಲ್ಲಿದ್ದರೆ, ರಕ್ತ 11 ಇದ್ದು ಬೇರೆ ತೊಂದರೆ ಇಲ್ಲದವರಿಗೆ ಅದು ಒಳ್ಳೆಯ ಜಾಗ. ಗದ್ದಲ ಕಡಿಮೆ, ಮುಖ ಪರಿಚಯದ ಸಿಸ್ಟರ್. ಆದರೆ ಅಲ್ಲಿ ರಕ್ತ ಇರುವುದಿಲ್ಲ, ಆಪರೇಷನ್ ಇಲ್ಲ. ನಿಮಗೆ 9.2 ಇರುವವರೆಗೆ ತಾಲ್ಲೂಕು ಆಸ್ಪತ್ರೆಯೇ ಸರಿ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ಅಷ್ಟು ದೂರ ರಕ್ತ ಸೋರುವ ಬಾಣಂತಿಯನ್ನು ಕರೆದೊಯ್ಯುವ ಮಾತೇ ಬರಬಾರದು. ಗಡಿಯ ಹಳ್ಳಿಯವರಿಗೆ ಆಂಧ್ರದ ಹಿಂದೂಪುರ ಹತ್ತಿರ, ಎಷ್ಟೋ ಜನ ಅಲ್ಲಿಗೇ ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಒಮ್ಮೆಯಾದರೂ ಮುಂಚೆ ಅಲ್ಲಿ ತೋರಿಸಿ ಚೀಟಿ ಮಾಡಿಸಿಕೊಂಡಿರಿ.

ಹೊರಡುವ ಹೊತ್ತು ಬಹಳ ಮುಖ್ಯ. "ಎರಡನೇದು ಸಲೀಸು" ಅನ್ನುವ ಅತ್ತೆಯ ಮಾತು ಸರಿ. ಆದರೆ ಅದಕ್ಕೇ ನೀವು ಬೇಗ ಹೊರಡಬೇಕು. ಚೊಚ್ಚಲಿಗೆ ಹನ್ನೆರಡು ಗಂಟೆ ಮೇಲೆ ಹಿಡಿದರೆ ಎರಡನೆಯದು ಅದರ ಅರ್ಧದಲ್ಲಿ ಮುಗಿಯಬಹುದು, ಕೆಲವರಿಗೆ ಇನ್ನೂ ಬೇಗ. ದಾರಿಯಲ್ಲಿ, ಆಂಬುಲೆನ್ಸಿನಲ್ಲಿ ಹೆರುವವರಲ್ಲಿ ಎರಡು, ಮೂರನೆಯವರೇ ಜಾಸ್ತಿ. 28 ಕಿ.ಮೀ. ದೂರದವರು ನೋವು ಹತ್ತು ನಿಮಿಷಕ್ಕೊಮ್ಮೆ ಸರಿಯಾಗಿ ಬರತೊಡಗಿದರೆ ಹೊರಟುಬಿಡಿ. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಆಟ ಕಡಿಮೆಯಾದರೆ, ಜೋರು ತಲೆನೋವು ಬಂದು ಕಣ್ಣು ಮಂಜಾದರೆ ನೋವಿಗೆ ಕಾಯಲೇಬೇಡಿ. 108ಕ್ಕೆ ಫೋನ್ ಮಾಡಿ, ಜೊತೆಗೆ ರಾತ್ರಿ ಎದ್ದು ಬರುವ ಊರಿನ ಒಬ್ಬ ಗಾಡಿಯವರ ನಂಬರೂ ಗೋಡೆಯ ಮೇಲಿರಲಿ. ಯಜಮಾನರು ಬೆಂಗಳೂರಲ್ಲಿದ್ದಾರೆ ಅಂದಿರಿ. "ಅವನು ಬರ್ಲಿ", "ರಾಹುಕಾಲ ಕಳೀಲಿ" ಅಂತ ಕಳೆಯುವ ಒಂದೊಂದು ಗಂಟೆಯೂ ಕೊನೆಗೆ ರಸ್ತೆಯ ಮೇಲೆ ಲೆಕ್ಕ ಕೇಳುತ್ತದೆ. ಹೊರಡು ಅನ್ನುವ ಮಾತು ಅತ್ತೆಯದೇ, ಯಾರ ಫೋನಿಗೂ ಕಾಯಬೇಕಿಲ್ಲ ಎಂದು ಯಜಮಾನರು ಈಗಲೇ ಹೇಳಿಡಲಿ. ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಹಸು ಯಾರು ಕರೆಯುತ್ತಾರೆ ಅನ್ನುವುದೂ ಸಣ್ಣ ಮಾತಲ್ಲ. ಅದು ಗೊತ್ತಾಗದೆ ಹೊಸಿಲಲ್ಲೇ ನಿಂತವರು ಬಹಳ.

ಇಷ್ಟಾದರೂ ಮನೆಯಲ್ಲೋ ದಾರಿಯಲ್ಲೋ ಮಗು ಬಂದೇಬಿಟ್ಟರೆ ಅತ್ತೆ ಇಷ್ಟು ಮಾಡಲಿ. ಕೈ ಸೋಪಿನಲ್ಲಿ ತೊಳೆಯಬೇಕು. ಮಗುವನ್ನು ಎಳೆಯಬಾರದು, ಬಂದಂತೆ ಹಿಡಿಯಬೇಕು. ಒಣ ಬಟ್ಟೆಯಲ್ಲಿ ಒರೆಸಿ, ಬರಿಮೈಯಲ್ಲೇ ನಿಮ್ಮ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಹೊದಿಸಬೇಕು. ಅಳದಿದ್ದರೆ ಬೆನ್ನುಜ್ಜಬೇಕು, ತಲೆಕೆಳಗೆ ಹಿಡಿದು ಬಡಿಯಬಾರದು. ಗಾಡಿ ಬರುತ್ತಿದ್ದರೆ ಹೊಕ್ಕಳಬಳ್ಳಿ ಕತ್ತರಿಸುವ ಅಗತ್ಯವೇ ಇಲ್ಲ. ಕತ್ತರಿಸಲೇಬೇಕಾದರೆ ಅದರ ಮಿಡಿತ ನಿಂತ ಮೇಲೆ, ಮಗುವಿನ ಹೊಟ್ಟೆಯಿಂದ ಎರಡು ಬೆರಳು ಬಿಟ್ಟು ಒಂದು ಗಂಟು, ಇನ್ನೆರಡು ಬೆರಳಾಚೆ ಇನ್ನೊಂದು ಗಂಟು, ಕುದಿಸಿದ ದಾರದಲ್ಲಿ. ನಡುವೆ ಹೊಸ ಬ್ಲೇಡಿನಲ್ಲಿ ಕತ್ತರಿಸಬೇಕು. ಅದಕ್ಕೆ ಅರಿಶಿನ, ಬೂದಿ, ಎಣ್ಣೆ ಏನನ್ನೂ ಹಚ್ಚಬೇಡಿ. ಮಾಸನ್ನು ಎಳೆಯಬೇಡಿ. ತಾನಾಗಿ ಬಂದರೆ ಕವರಿನಲ್ಲಿ ಹಾಕಿ ಜೊತೆಗೆ ತನ್ನಿ, ತುಂಡು ಒಳಗೆ ಉಳಿದಿದೆಯೇ ಎಂದು ಆಸ್ಪತ್ರೆಯಲ್ಲಿ ನೋಡಬೇಕು. ಮಗುವನ್ನು ತಕ್ಷಣ ಎದೆಗೆ ಹಾಕಿ, ಅದು ಚೀಪಿದಷ್ಟೂ ಗರ್ಭಕೋಶ ಬಿಗಿಯುತ್ತದೆ. ನೀವು ಉಚ್ಚೆ ಹೊಯ್ಯಬೇಕು, ತುಂಬಿದ ಮೂತ್ರಚೀಲ ಗರ್ಭಕೋಶವನ್ನು ಬಿಗಿಯಲು ಬಿಡುವುದಿಲ್ಲ. ಮಾಸು ಬಿದ್ದ ಮೇಲೂ ಹೊಟ್ಟೆ ಮೆತ್ತಗಿದ್ದರೆ ಹೊಕ್ಕಳ ಸುತ್ತ ಅಂಗೈಯಿಂದ ಗುಂಡಗೆ ತಿಕ್ಕಬೇಕು. ಎಲ್ಲ ಸರಿಯಾಗಿದೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

ನಾರ್ಮಲ್ ಆದರೂ 48 ಗಂಟೆ ಅಲ್ಲೇ ಇರಿ. ಮಗುವಿಗೆ ವಿಟಮಿನ್ ಕೆ, ಪೋಲಿಯೊ ಹನಿ, ಬಿಸಿಜಿ ಮತ್ತು ಹೆಪಟೈಟಿಸ್ ಬಿ ಲಸಿಕೆ ಅಲ್ಲೇ ಆಗುತ್ತವೆ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಮೊದಲ ದಿನ ಮಗುವಿಗೆ ಎರೆಯಬೇಡಿ. ಮನೆಗೆ ಬಂದ ಮೇಲೆ ಸೂತಕವೆಂದು ಬಾಣಂತಿ, ಮಗುವನ್ನು ಗಾಳಿ ಹೊಡೆಯುವ ಜಾಗದಲ್ಲಿ ಇಡುವುದು ಬೇಡವೇ ಬೇಡ. ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ 2023ರ ಜುಲೈನ ಮಳೆಯಲ್ಲಿ ಊರಾಚೆಯ ಗುಡಿಸಲಿನಲ್ಲಿದ್ದ ಕೂಸು ಸತ್ತಿತು. ಅದು ಆಸ್ಪತ್ರೆಯಲ್ಲೇ ಹುಟ್ಟಿದ್ದ ಕೂಸು.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರ ತಪಾಸಣೆ ಇರುತ್ತದೆ. ಈ ಸಲ ಅತ್ತೆಯನ್ನು ಕರೆದುಕೊಂಡು ಹೋಗಿ, ಹೆರಿಗೆ ಕೋಣೆ ನೋಡಿಬನ್ನಿ. ಅಲ್ಲಿನ ಸಿಸ್ಟರನ್ನು ಮೂರು ಮಾತು ಕೇಳಿ: ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರು ಇರುತ್ತಾರಾ, ನನ್ನ ಗುಂಪಿನ ರಕ್ತ ಇಲ್ಲೇ ಸಿಗುತ್ತದಾ, ನಮ್ಮತ್ತೆಯನ್ನು ಜೊತೆಗೆ ಬಿಡುತ್ತೀರಾ. ಮೂರನೆಯದಕ್ಕೆ ಇಲ್ಲ ಅಂದರೆ ಹೆರಿಗೆ ವಿಭಾಗದ ಡಾಕ್ಟರನ್ನೇ ಕಂಡು ಕೇಳಿ. ಮೊದಲೆರಡರಲ್ಲಿ ಒಂದಕ್ಕೆ ಇಲ್ಲ ಅಂದರೂ ಯಾವ ಆಸ್ಪತ್ರೆಯಲ್ಲಿದೆ ಎಂದು ಅವತ್ತೇ ಬರೆಸಿಕೊಂಡು ಬನ್ನಿ.